ಜಾಲಿಮರಕ್ಕೆ ಅಂಟು ಬಂದದ್ದು

ಭೂಮಿಯ ಮೈಯಿಂದ ಹೊಸ ಮಡಕೆಯ ವಾಸನೆ ಇನ್ನೂ ಹೋಗಿರದ ಕಾಲ ಅದು. ಆಗ ಗಾಳಿ ಮಾತಾಡುತ್ತಿತ್ತು, ಸೂರ್ಯ ಮಾತಾಡುತ್ತಿದ್ದ. ಮರಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆದರೆ ಆಗ ಯಾವ ಮರದಲ್ಲೂ ಅಂಟು ಇರಲಿಲ್ಲ. ತೊಗಟೆಗೆ ಗಾಯವಾದರೆ ಒಳಗಿನ ರಸ ತಿಳಿನೀರಿನ ಹಾಗೆ ತೊಟತೊಟ ಸುರಿಯುತ್ತಿತ್ತು. ಸುರಿದು ಸುರಿದು ಮರ ಒಣಗಿಹೋಗುತ್ತಿತ್ತು.

ಕುರುಚಲು ಕಾಡಿನ ಅಂಚಿನಲ್ಲಿ ಚೌರಿ ಎಂಬ ಹೆಂಗಸು ಇದ್ದಳು. ಬಾಣ ಮಾಡುವುದು ಅವಳ ಕೆಲಸ. ಬಾಣ ಬಿಡುವುದು ಅವಳ ತಮ್ಮ ಬೋರನ ಕೆಲಸ. ಬಾಣ ಎಂದರೆ ಆಗ ಬರೀ ಒಂದು ಕಡ್ಡಿ, ಅದರ ಮೂತಿಗೊಂದು ಚೂಪು ಕಲ್ಲು. ಅಷ್ಟೇ.

ಆ ವರ್ಷ ಕಾಡಿಗೆ ಒಂದು ಒಂಟಿ ಹಂದಿ ಬಂತು. ಗೆಣಸಿನ ಬಳ್ಳಿ ಇದ್ದಲ್ಲೆಲ್ಲ ನೆಲ ಉತ್ತು ಹಾಕಿತು. ಗೆಡ್ಡೆ ಅಗೆಯಲು ಹೋದ ಚೌರಿಯ ಅವ್ವನ ತೊಡೆಯನ್ನು ಕೋರೆಯಿಂದ ಸೀಳಿತು. ಅವ್ವ ಗುಡಿಸಲಲ್ಲಿ ಮಲಗಿಬಿಟ್ಟಳು. ಆಮೇಲೆ ಕಾಡಿಗೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಹಟ್ಟಿಯ ಒಲೆಗಳು ತಣ್ಣಗಾದವು.

ಬೋರ ಹಂದಿಗೆ ಗುರಿಯಿಟ್ಟು ಬಾಣ ಬಿಟ್ಟ. ಬಾಣ ಬಾಲ ಕಳಕೊಂಡ ಹಲ್ಲಿಯ ಹಾಗೆ ಒದ್ದಾಡಿಕೊಂಡು ಹೋಯಿತು. ಹಂದಿ ಒಂದು ಕಡೆ, ಬಾಣ ಒಂದು ಕಡೆ. ಅದು ಹೋಗಿ ಒಂದು ಜಾಲಿಮರಕ್ಕೆ ಚುಚ್ಚಿಕೊಂಡಿತು.

"ಅಯ್ಯೋ!" ಎಂದಿತು ಜಾಲಿಮರ.

ಚೌರಿ ಓಡಿ ಬಂದು ಬಾಣ ಕಿತ್ತಳು. ಗಾಯದಿಂದ ರಸ ತೊಟತೊಟ ಸುರಿಯಿತು. ಅವಳು ಅಂಗೈಯಿಂದ ಗಾಯ ಒತ್ತಿ ಹಿಡಿದಳು.

"ತಪ್ಪಾಯ್ತು ತಾಯಿ. ಹೊಡೆದದ್ದು ನಿನಗಲ್ಲ, ಹಂದಿಗೆ."

ಮುಳ್ಳಿನ ಮರವೆಂದು ಜಾಲಿಯ ಹತ್ತಿರ ಯಾರೂ ಬರುತ್ತಿರಲಿಲ್ಲ. ಈಗ ಒಬ್ಬಳು ಬಂದಿದ್ದಾಳೆ! ಮರಕ್ಕೆ ನೋವಿಗಿಂತ ಕುತೂಹಲವೇ ಹೆಚ್ಚಾಯಿತು.

"ಹಂದಿಗೆ ಬಿಟ್ಟದ್ದು ನನಗೆ ಯಾಕೆ ಬಂತು?" ಎಂದು ಕೇಳಿತು.

"ಗೊತ್ತಿಲ್ಲ ತಾಯಿ."

"ಗೊತ್ತಿಲ್ಲದಿದ್ದರೆ ಕೇಳೋಣ. ಗಾಳಿಯಪ್ಪಾ, ಇವರ ಬಾಣ ಯಾಕೆ ಸೊಟ್ಟ ಹೋಗುತ್ತೆ?"

ಗಾಳಿ ಕೊಂಬೆಗಳ ನಡುವೆ ನುಸುಳಿ ಬಂತು. "ಬಾಲ ಇಲ್ಲದ್ದು ನೆಟ್ಟಗೆ ಹೇಗೆ ಹೋದೀತು? ಹದ್ದನ್ನು ನೋಡಿ. ಬಾಲದ ಗರಿ ಹಿಡಿದೇ ನಾನು ಅದನ್ನು ನೆಟ್ಟಗೆ ಇಡೋದು. ನಿಮ್ಮ ಬಾಣದಲ್ಲಿ ನಾನು ಏನು ಹಿಡೀಲಿ?"

ಚೌರಿ ತಲೆಯೆತ್ತಿ ಕೂಗಿದಳು. "ಹದ್ದಕ್ಕಾ, ನಿನ್ನ ಉದುರಿದ ಗರಿ ಕೊಡ್ತೀಯಾ?"

ಹದ್ದು ಕೆಳಗಿಳಿದು ಗೂಡಿನ ಗರಿಗಳನ್ನು ಚೆಲ್ಲಿತು. "ತಗೋ. ಆದರೆ ಒಂದು ಬಾಣಕ್ಕೆ ಒಂದೇ ಮಗ್ಗುಲಿನ ರೆಕ್ಕೆಯ ಗರಿ ಹಾಕು. ಎಡದ್ದು ಬಲದ್ದು ಬೆರೆಸಿದರೆ ಜಗಳ ಆಡ್ತವೆ."

ಗರಿಯೇನೋ ಸಿಕ್ಕಿತು. ಅಂಟಿಸುವುದು ಹೇಗೆ?

ಚೌರಿ ಕೆಸರು ಹಚ್ಚಿದಳು. ಕೆಸರು ಒಣಗಿ ಬಿರುಕು ಬಿಟ್ಟಿತು, ಗರಿ ಉದುರಿತು. ಜೇನು ಹಚ್ಚಿದಳು. ಗರಿ ಜಾರಿತು, ಇರುವೆ ಮುತ್ತಿತು. ರಾಗಿ ಅಂಬಲಿಯನ್ನು ಮಂದ ಮಾಡಿ ಹಚ್ಚಿದಳು. ಬೋರ ಬಾಣ ಬಿಡುತ್ತಲೇ ಅದೂ ಪುಡಿಯಾಗಿ, ಗರಿ ಒಂದು ಕಡೆ, ಕಡ್ಡಿ ಒಂದು ಕಡೆ.

ಜಾಲಿಮರ ಎಲ್ಲವನ್ನೂ ನೋಡುತ್ತಿತ್ತು. "ಈಗ ಏನು ಹಚ್ತೀಯಾ? ಆಮೇಲೆ ಏನು ಹಚ್ತೀಯಾ?" ಎಂದು ಕೇಳುತ್ತಲೇ ಇತ್ತು. ಆದರೆ ಅದರ ದನಿ ಕ್ಷೀಣವಾಗುತ್ತಿತ್ತು. ಎಲೆಗಳು ಬಾಡುತ್ತಿದ್ದವು. ರಸ ನಿಂತಿರಲಿಲ್ಲ.

ಚೌರಿ ಕೈಯಲ್ಲಿದ್ದ ಗರಿ ಬಿಟ್ಟು, ಮತ್ತೆ ಗಾಯವನ್ನು ಒತ್ತಿ ಹಿಡಿದು ಕೂತಳು. ಮಧ್ಯಾಹ್ನದ ಬಿಸಿಲು ಅವಳ ಕೈಮೇಲೆ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆಯಲು ಹೋದರೆ ಎರಡು ಬೆರಳು ಬಿಡಲೊಲ್ಲವು.

"ಇದೇನಿದು?" ಎಂದಳು ಚೌರಿ.

"ಏನು, ಏನು?" ಎಂದಿತು ಮರ.

"ನಿನ್ನ ರಸ ಬಿಸಿಲಿಗೆ ಅಂಟ್ತಾ ಇದೆ ತಾಯಿ! ಸೂರ್ಯಪ್ಪಾ, ಇನ್ನೊಂದಿಷ್ಟು ಹೊತ್ತು ಇಲ್ಲೇ ನಿಲ್ತೀಯಾ? ರಸ ಗಟ್ಟಿಯಾಗಲಿ."

"ನಿಲ್ತೀನಿ," ಎಂದ ಸೂರ್ಯ. "ಆದರೆ ಮರವನ್ನು ಕೇಳು."

ಮರ ಹೆದರಿತು. "ನನ್ನ ಮೈಯೊಳಗಿನ ರಸವೂ ಗಟ್ಟಿಯಾದರೆ? ಬೇರಿಂದ ನೀರು ಮೇಲೆ ಹತ್ತದಿದ್ದರೆ? ನಾನು ನಿಂತಲ್ಲೇ ಸತ್ತುಹೋಗ್ತೀನಿ."

"ಹೊರಗೆ ಬಂದದ್ದನ್ನು ಮಾತ್ರ ಮುಟ್ತೀನಿ," ಎಂದ ಸೂರ್ಯ. "ಒಳಗಿನದು ನಿನ್ನದು."

ಜಾಲಿಮರ ತನ್ನ ಬಾಡಿದ ಎಲೆಗಳನ್ನು ನೋಡಿಕೊಂಡಿತು. ಆಮೇಲೆ, "ಆಗಲಿ. ಏನಾಗುತ್ತೋ ನನಗೂ ನೋಡಬೇಕು," ಎಂದಿತು.

ಸೂರ್ಯ ನಿಂತ. ರಸ ಮಂದವಾಯಿತು, ಜೇನಿನ ಬಣ್ಣಕ್ಕೆ ತಿರುಗಿತು, ಎಳೆದರೆ ಎಳೆ ಬಂತು. ಚೌರಿ ಅದನ್ನು ತೆಗೆದು ಬಾಣಕ್ಕೆ ಹಚ್ಚಿ ಗರಿ ಇಟ್ಟಳು. ಗರಿ ಜಾರಿಹೋಯಿತು.

"ಯಾಕೆ?" ಎಂದಿತು ಮರ.

ಚೌರಿ ಬಾಣವನ್ನು ಬೆರಳಿಂದ ಸವರಿ ನೋಡಿದಳು. ಮಿರಮಿರ ಹೊಳೆಯಲೆಂದು ಅವಳೇ ಅದಕ್ಕೆ ಎಣ್ಣೆ ಉಜ್ಜಿದ್ದಳು! ಬೂದಿ ಹಾಕಿ ಜಿಡ್ಡು ತೆಗೆದಳು. ಗರಗರ ಎನ್ನುವ ಗರಗತ್ತಿ ಎಲೆಯಿಂದ ಉಜ್ಜಿ ಕಡ್ಡಿಯ ಮೈಯನ್ನು ತುಸು ಒರಟು ಮಾಡಿದಳು. ಅಂಟನ್ನು ತೆಳ್ಳಗೆ ಎಳೆದು ಗರಿ ಒತ್ತಿದಳು. ಈ ಸಲ ಗರಿ ನಿಂತಿತು.

ಬೋರ ಬಂದವನೇ, "ಅಂಟಿತಾ ಅಕ್ಕಾ?" ಎಂದು ಗರಿ ಎಳೆದು ನೋಡಿದ. ಕಿತ್ತು ಕೈಗೇ ಬಂತು.

"ಒಣಗೋಕೆ ಬಿಡೋ ಮಾರಾಯ!" ಎಂದು ಚೌರಿ ಅವನ ಕೈಗೊಂದು ಏಟು ಕೊಟ್ಟಳು. ಮತ್ತೆ ಅಂಟಿಸಿ, ಒಣಗುವವರೆಗೂ ಬಾಣವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಗಾಳಿ ಬಗ್ಗಿ ನೋಡಿತು. "ಗರಿಯ ಮುಂದಿನ ತುದಿ ನೋಡು. ನಾನು ಅಲ್ಲಿಂದಲೇ ನುಗ್ಗಿ ಎಬ್ಬಿಸ್ತೀನಿ."

ಚೌರಿ ಮುಂದಿನ ತುದಿಗೊಂದು ಹನಿ, ಹಿಂದಿನ ತುದಿಗೊಂದು ಹನಿ ಹೆಚ್ಚಾಗಿ ಇಟ್ಟಳು. ಮೇಲೆ ಕತ್ತಾಳೆ ನಾರು ಸುತ್ತಿದಳು.

"ನನ್ನ ಅಂಟನ್ನು ನೀರಿಗೆ ಮಾತ್ರ ಹಾಕಬೇಡ," ಎಂದಿತು ಜಾಲಿಮರ. "ನಾನು ನೀರಿನಿಂದ ಹುಟ್ಟಿದವಳು. ನೀರು ಕರೆದರೆ ಕರಗಿ ಹೊರಟುಬಿಡ್ತೀನಿ."

ಆ ಹನಿಗಳೂ ಒಣಗುವ ಹೊತ್ತಿಗೆ ಪೊದೆ ಅಲ್ಲಾಡಿತು. ಹಂದಿ! ಮಡಿಲಲ್ಲಿ ಬಾಣ ಹಿಡಿದು ಕೂತಿದ್ದ ಚೌರಿಯ ಕಡೆಗೇ ತಲೆ ತಗ್ಗಿಸಿ ನುಗ್ಗಿತು.

"ಅಕ್ಕಾ, ಬಾಣ!"

ಚೌರಿ ಬಾಣ ಎಸೆದಳು. ಬೋರ ಹಿಡಿದು, ಹೂಡಿ, ಬಿಟ್ಟ. ಗಾಳಿ ಗರಿಗಳನ್ನು ಹಿಡಿದುಕೊಂಡಿತು. ಬಾಣ ಅತ್ತ ಇತ್ತ ಅಲ್ಲಾಡಲಿಲ್ಲ. ನೆಟ್ಟಗೆ ಹೋಯಿತು. ಹಂದಿ ಚೌರಿಯ ಕಾಲಬುಡಕ್ಕೆ ಬಂದು ಬಿತ್ತು.

ಬೋರ ಬಾಣ ತೆಗೆದು ನೋಡಿದ. ಒಂದು ಗರಿಯೂ ಕದಲಿರಲಿಲ್ಲ.

"ನಿಂತಿದೆ ಅಕ್ಕಾ," ಎಂದ.

"ನನ್ನದೂ ನಿಂತಿದೆ!" ಎಂದಿತು ಜಾಲಿಮರ.

ಚೌರಿ ತಿರುಗಿ ನೋಡಿದಳು. ಹೊರಗೆ ಬಂದ ರಸ ಗಾಯದ ಬಾಯಲ್ಲೇ ಗಟ್ಟಿಯಾಗಿ, ಹೊಳೆಯುವ ಉಂಡೆಯಾಗಿ ಕೂತಿತ್ತು. ಒಂದು ತೊಟ್ಟೂ ಸುರಿಯುತ್ತಿರಲಿಲ್ಲ. ಬಾಡಿದ ಎಲೆಗಳು ಒಂದೊಂದೇ ಬಿಚ್ಚಿಕೊಂಡವು. ಚೌರಿ ಮುಳ್ಳನ್ನೂ ಲೆಕ್ಕಿಸದೆ ಮರವನ್ನು ತಬ್ಬಿಕೊಂಡಳು.

ಹಟ್ಟಿಯಲ್ಲಿ ಒಲೆಗಳು ಉರಿದವು. ಕೆಲವು ದಿನಗಳಲ್ಲಿ ಅವ್ವ ಕುಂಟುತ್ತಾ ಎದ್ದು ಗೆಡ್ಡೆ ಅಗೆಯಲು ಹೊರಟಳು.

ಬೇರೆ ಮರಗಳು ಜಾಲಿಯನ್ನು ನೋಡಿದವು. "ನಮಗೂ ಅದನ್ನು ಮಾಡಿಕೊಡಪ್ಪಾ," ಎಂದು ಬೇವು ಸೂರ್ಯನನ್ನು ಕೇಳಿತು, ನುಗ್ಗೆಯೂ ಕೇಳಿತು. ಸೂರ್ಯ ಇಲ್ಲವೆನ್ನಲಿಲ್ಲ.

ಅದಕ್ಕೇ ಮಗೂ, ಇಂದಿಗೂ ಜಾಲಿ, ಬೇವು, ನುಗ್ಗೆ ಮರಗಳ ತೊಗಟೆಗೆ ಎಲ್ಲಿ ಗಾಯವಾದರೂ ಅಲ್ಲೊಂದು ಜೇನುಬಣ್ಣದ ಅಂಟಿನ ಉಂಡೆ ಬಿಸಿಲಿಗೆ ಗಟ್ಟಿಯಾಗಿ ಕೂತಿರುತ್ತದೆ; ನೀನು ಮುಟ್ಟಿ ನೋಡಿದರೆ ನಿನ್ನ ಬೆರಳನ್ನೂ ತುಸು ಹಿಡಿದುಕೊಳ್ಳುತ್ತದೆ.