ನಂಬರಿಲ್ಲದ ಪಿಸ್ತೂಲು

ಚುನಾವಣೆಯೆಂದು ಯಜಮಾನ ಠಾಣೆಗೆ ಒಪ್ಪಿಸಿದ್ದ ಹಳೆಯ ಕೋವಿಯ ಪಕ್ಕದಲ್ಲಿ ಪೊಲೀಸರು ಒಂದು ಪ್ಲಾಸ್ಟಿಕ್ ಪಿಸ್ತೂಲನ್ನು ತಂದಿಟ್ಟರು.

"ನಿನ್ನ ನಂಬರೆಷ್ಟು? ಲೈಸೆನ್ಸ್ ಯಾರ ಹೆಸರಿನಲ್ಲಿದೆ?" ಎಂದು ಕೋವಿ ಕೇಳಿತು.

"ಎರಡೂ ಇಲ್ಲ. ಒಬ್ಬ ಮನೆಯಲ್ಲೇ ತ್ರೀಡಿ ಪ್ರಿಂಟರಿನಿಂದ ನನ್ನನ್ನು ಮಾಡಿದ. ಮೊದಲ ಗುಂಡಿಗೇ ನಾನು ಸಿಡಿದೆ, ಅವನ ಬೆರಳುಗಳು ಹೋದವು."

"ಸದ್ಯ, ಅಲ್ಲಿಗೆ ಮುಗಿಯಿತಲ್ಲ!"

"ಎಲ್ಲಿ ಮುಗಿಯಿತು? ನನ್ನ ನಕ್ಷೆಯನ್ನು ಅವನು ಆಗಲೇ ಗೆಳೆಯರಿಗೆಲ್ಲ ಮೊಬೈಲಿನಲ್ಲಿ ಕಳಿಸಿದ್ದಾನೆ."

ಕೋವಿಗೆ ರೇಗಿಹೋಯಿತು. "ಹೊಲದ ಹಂದಿ ಓಡಿಸುವ ನನಗೆ ಪ್ರತಿ ಚುನಾವಣೆಗೂ ಸೆರೆವಾಸ. ಆ ಗೆಳೆಯರ ಮನೆಗೆ ಹೋಗುವವರು ಯಾರೂ ಇಲ್ಲವೇ?"

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ತೋಚದೆ ಕೆಳಗಿಟ್ಟರು. ಆಮೇಲೆ ಕೋವಿಗೆ ಬಿಗಿದಿದ್ದ ಸರಪಳಿಯನ್ನು ಇನ್ನೊಮ್ಮೆ ಎಳೆದು ನೋಡಿ, ನೆಮ್ಮದಿಯಿಂದ ಊಟಕ್ಕೆ ಹೊರಟರು.