ಹೊಳೆಯುವ ಚೂರು

“ನಾಳೆ ನಾನು ಮಠ ಬಿಟ್ಟು ಹೊರಡುತ್ತೇನೆ. ನೀವಿಲ್ಲದ ಕಡೆ ದಿಕ್ಕು ತಪ್ಪಿದರೆ ಯಾರನ್ನು ಕೇಳಲಿ, ಗುರುಗಳೇ?”

ಹೀಗೆ ಕೇಳಿದವನು ಚನ್ನವೀರ. ಜಗಲಿಯ ಮೇಲೆ ಗುರುಗಳ ಎದುರು ಕುಳಿತಿದ್ದ ಅವನ ದನಿಯಲ್ಲಿ ಅಳುಕಿತ್ತು. ಆಗತಾನೇ ಚುಕ್ಕಿಗಳು ಮೂಡುತ್ತಿದ್ದವು. ಗುರುಗಳು ಹೇಳತೊಡಗಿದರು.

ಒಬ್ಬಳು ಎಂಜಿನಿಯರ್ ಇದ್ದಳು. ಆಕಾಶನೌಕೆಗೆ ಕಣ್ಣು ಮಾಡುವುದು ಅವಳ ಕೆಲಸ. ನೌಕೆ ಹೋಗಬೇಕಾದದ್ದು ಬಹಳ ದೂರ. ಅಲ್ಲಿಂದ ಭೂಮಿಯನ್ನು ಕೇಳಿ ಉತ್ತರ ಪಡೆಯುವಷ್ಟರಲ್ಲಿ ಅದು ಎತ್ತಲೋ ತಿರುಗಿರುತ್ತದೆ. ಹಾಗಾಗಿ ತಾನು ಯಾವ ಕಡೆಗೆ ಮುಖ ಮಾಡಿದ್ದೇನೆಂದು ನಕ್ಷತ್ರಗಳನ್ನು ನೋಡಿ ಅದು ತಾನೇ ತಿಳಿಯಬೇಕಿತ್ತು. ಅವಳು ಕಣ್ಣಿನೊಳಗೆ ಇಡೀ ಆಕಾಶದ ನಕ್ಷೆ ತುಂಬಿದಳು. ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಮೊದಲು ಹಿಡಿಯಬೇಕೆಂದು ಕಲಿಸಿದಳು. ನೌಕೆ ಹಾರಿತು. ಬಹುಕಾಲ ನೆಟ್ಟಗೆ ಸಾಗಿತು.

ಒಂದು ದಿನ ನೌಕೆಯ ಹೊದಿಕೆಯಿಂದಲೇ ಚೂರೊಂದು ಕಳಚಿ ಪಕ್ಕದಲ್ಲಿ ತೇಲತೊಡಗಿತು. ಬಿಸಿಲು ಬಿದ್ದು ಅದು ಯಾವ ನಕ್ಷತ್ರಕ್ಕಿಂತಲೂ ಹೆಚ್ಚು ಹೊಳೆಯಿತು. ಕಣ್ಣು ಅದನ್ನೇ ನಕ್ಷತ್ರವೆಂದು ನಂಬಿತು. ಚೂರು ತೇಲಿದ ಕಡೆಗೆಲ್ಲ ನೌಕೆಯೂ ನಿದ್ದೆಯಲ್ಲಿ ನಡೆಯುವವರ ಹಾಗೆ ಮೆಲ್ಲಗೆ ತಿರುಗುತ್ತಾ ಹೋಯಿತು. ಕೊನೆಗೆ ಸೂರ್ಯನಿಗೇ ಬೆನ್ನು ಹಾಕಿತು. ಬಿಸಿಲುಂಡು ಬದುಕುತ್ತಿದ್ದ ಅದರ ಶಕ್ತಿ ಕುಂದತೊಡಗಿತು.

ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಜೊತೆಗಾರರು ಅವಸರಪಡಿಸಿದರು. ತನ್ನ ಮಾತು ತಲುಪುವ ಹೊತ್ತಿಗೆ ಅದರ ಎಡ ಎಲ್ಲಿರುತ್ತದೋ ಬಲ ಎಲ್ಲಿರುತ್ತದೋ ಅವಳಿಗೆ ತಿಳಿಯದು. ಇನ್ನೊಂದು ಮಾತು ಕೇಳಿಸಿಕೊಳ್ಳುವಷ್ಟು ಶಕ್ತಿ ಮಾತ್ರ ಅದರಲ್ಲಿ ಉಳಿದಿತ್ತು. ದಿಕ್ಕು ಹೇಳುವ ಆಸೆಯನ್ನು ನುಂಗಿಕೊಂಡು ಅವಳು ಒಂದು ಪಾಠ ಕಳಿಸಿದಳು.

“ಹೆಚ್ಚು ಹೊಳೆಯುವುದನ್ನು ಬಿಡು. ಮಂಕಾದ ಚುಕ್ಕಿಗಳನ್ನು ನೋಡು. ಅವುಗಳ ನಡುವಿನ ಅಂತರ ನಿನ್ನೊಳಗಿನ ನಕ್ಷೆಗೆ ಹೊಂದಿದರೆ ನಂಬು.”

ಆಮೇಲೆ ನೌಕೆಯಿಂದ ಸುದ್ದಿಯಿಲ್ಲ. ಅಂಬೆಗಾಲಿಡುವ ಮಗುವನ್ನು ಮೊದಲ ಸಲ ಕೈಬಿಟ್ಟು ನಿಲ್ಲಿಸಿದ ತಾಯಿಯ ಹಾಗೆ ಅವಳು ಉಸಿರು ಬಿಗಿಹಿಡಿದು ಕುಳಿತಳು. ಜೊತೆಗಾರರು ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಸಣ್ಣಗೆ, ಬಲು ಸಣ್ಣಗೆ, ಅದರ ದನಿ ಬಂತು. ಅಷ್ಟು ದೂರದ ಕತ್ತಲಲ್ಲಿ ನೌಕೆ ಚೂರನ್ನು ಬಿಟ್ಟು, ತಾನೇ ಹೊರಳಿ ಸೂರ್ಯನಿಗೆ ಮುಖ ಕೊಟ್ಟಿತ್ತು. ಅವಳು ಸದ್ದಿಲ್ಲದೆ ಅತ್ತಳು.

ಗುರುಗಳು ನಿಲ್ಲಿಸಿದರು. ಚನ್ನವೀರ ಇನ್ನಷ್ಟು ಮುಂದಕ್ಕೆ ಬಾಗಿದ.

“ತಾನು ಕಂಡದ್ದು ಸರಿ ಎಂದು ಅದಕ್ಕೆ ಹೇಳಿದವರು ಯಾರು, ಗುರುಗಳೇ?”

“ಮಗು, ಆಕಾಶದ ತುಂಬ ಚುಕ್ಕಿಗಳಿವೆ, ನೀನು ಇಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದೀಯೆ” ಎಂದರು ಗುರುಗಳು.

ಚನ್ನವೀರ ಅವರ ಮುಖದಿಂದ ಕಣ್ಣು ತೆಗೆದು ಆಕಾಶದತ್ತ ತಲೆಯೆತ್ತಿದ.