ಸೊನ್ನೆಯಲ್ಲಿ ನಿಂತ ಮುಳ್ಳು

"ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ನನಗೆ ಒಮ್ಮೆಯೂ ಅಳು ಬಂದಿಲ್ಲ. ಅವಳ ಮೇಲೆ ನನಗೆ ಪ್ರೀತಿಯೇ ಇರಲಿಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ. ಅಕ್ಕನ ಮಗಳನ್ನು ಶಾಲೆಗೆ ಬಿಟ್ಟು ನೇರ ಗುರುಗಳ ಬಳಿಗೇ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು:

ಒಬ್ಬ ರೇಡಿಯೋ ರಿಪೇರಿಯವನಿದ್ದ. ಹಿತ್ತಲಿನ ಬಾವಿಗೆ ತಾನೇ ಒಂದು ಗಾಳಿಚಕ್ರ ಕಟ್ಟಿದ. ರೆಕ್ಕೆ ಮರದ್ದು, ಅಚ್ಚು ಹಳೆಯ ಸೈಕಲ್ಲಿನದು. ಚಕ್ರ ತಿರುಗಿದರೆ ಪಂಪು ಆಡಿ ತೊಟ್ಟಿಗೆ ನೀರು ಬೀಳುತ್ತಿತ್ತು. ಅದಕ್ಕೂ ಮೊದಲು ಅವನ ಹೆಂಡತಿ ಅರವತ್ತು ಅಡಿ ಆಳದಿಂದ ನೀರು ಸೇದುತ್ತಿದ್ದಳು. ಹಗ್ಗ ಉಜ್ಜಿ ಅವಳ ಅಂಗೈ ಒಡೆದಿತ್ತು.

ಆಷಾಢದ ಗಾಳಿಗೆ ಒಂದು ರೆಕ್ಕೆ ಮುರಿಯಿತು. ಚಕ್ರದ ವೇಗ ತಿಳಿದರೆ ಸಕಾಲಕ್ಕೆ ಕಟ್ಟಿ ನಿಲ್ಲಿಸಬಹುದೆಂದು ಅವನು ಒಂದು ವೇಗಮಾಪಕ ಮಾಡಿದ. ಅಚ್ಚಿಗೆ ಆಯಸ್ಕಾಂತ ಅಂಟಿಸಿ, ಅದರ ಪಕ್ಕದಲ್ಲಿ ತೆಳು ತಾಮ್ರದ ತಂತಿಯ ಸುರುಳಿ ಇಟ್ಟ. ಆಯಸ್ಕಾಂತ ಸುರುಳಿಯನ್ನು ದಾಟಿದಾಗಲೆಲ್ಲ ಚೂರು ವಿದ್ಯುತ್ತು ಹುಟ್ಟುತ್ತಿತ್ತು. ಅದು ಟ್ರಾನ್ಸಿಸ್ಟರ್ ಎಂಬ ಪುಟ್ಟ ವಿದ್ಯುತ್ ಸ್ವಿಚ್ಚನ್ನು ಎಬ್ಬಿಸಿ, ಅವನ ಮೇಜಿನ ಮೇಲಿದ್ದ ಮೀಟರಿನ ಮುಳ್ಳನ್ನು ಮೇಲೇರಿಸುತ್ತಿತ್ತು. ಜೋರು ಗಾಳಿಯಲ್ಲಿ ಮಾಪಕ ಚೆನ್ನಾಗಿ ಕೆಲಸ ಮಾಡಿತು. ಎರಡು ಸಲ ರೆಕ್ಕೆಗಳನ್ನು ಉಳಿಸಿತು. ಅಲ್ಲಿಂದ ಮುಂದೆ ಅವನು ಹಿತ್ತಲಿಗೆ ಹೋಗಿ ಚಕ್ರವನ್ನು ನೋಡುವುದನ್ನೇ ಬಿಟ್ಟ. ಮುಳ್ಳು ನೋಡಿದರೆ ಸಾಕಾಗಿತ್ತು.

ಗಾಳಿಯ ಕಾಲ ಮುಗಿಯಿತು. ಮುಳ್ಳು ಸೊನ್ನೆಗೆ ಇಳಿದು ಅಲ್ಲೇ ನಿಂತಿತು. ಮೇಜಿನ ಮೇಲಿದ್ದ ಮೀಟರನ್ನು ಬಿಚ್ಚಿ ಪರೀಕ್ಷಿಸಿದ, ಎಲ್ಲವೂ ಸರಿಯಿತ್ತು. ಎಂಟು ದಿನ ಕಾದ. ಆಮೇಲೆ, ಕೆಟ್ಟಿರುವುದು ಚಕ್ರವೇ ಎಂದು ತೀರ್ಮಾನಿಸಿ, ಅದನ್ನು ಇಳಿಸಿಬಿಡಲು ಸ್ಪ್ಯಾನರ್ ಹಿಡಿದು ಹೊರಟ. ಇನ್ನು ಹಗ್ಗ, ಕೊಡ ಹುಡುಕಿ ಇಟ್ಟುಕೋ ಎಂದು ಹೆಂಡತಿಗೆ ಹೇಳಿದ. ಹೇಳುವಾಗ ಅವಳ ಕೈಗಳನ್ನು ನೋಡಲಿಲ್ಲ.

ಅವಳು ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತಿದ್ದಳು. "ಅಲ್ರೀ, ಎಂಟು ದಿನದಿಂದ ನೀವು ಸ್ನಾನ ಮಾಡಿದ ನೀರು ನಿಮ್ಮ ಮೀಟರಿನಿಂದ ಬಂತಾ?" ಎಂದಳು.

ಅವನು ತಲೆಯೆತ್ತಿದ. ಚಕ್ರ ತಿರುಗುತ್ತಿತ್ತು, ಬಹಳ ನಿಧಾನವಾಗಿ. ಒಂದೊಂದು ಸುತ್ತಿಗೂ ಅರ್ಧ ಚೊಂಬು ನೀರು ತೊಟ್ಟಿಗೆ ಬೀಳುತ್ತಿತ್ತು. ಅಷ್ಟು ನಿಧಾನಕ್ಕೆ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಟ್ರಾನ್ಸಿಸ್ಟರನ್ನು ಎಬ್ಬಿಸಲು ಸಾಲದು. ಅದು ಅವನಿಗೆ ಗೊತ್ತಿದ್ದ ವಿಷಯವೇ. ಬಿರುಗಾಳಿಗೆಂದು ಮಾಡಿದ ಮಾಪಕದಲ್ಲಿ ಸಣ್ಣ ಗಾಳಿಯನ್ನು ಹುಡುಕಿದ್ದ. ಸ್ಪ್ಯಾನರನ್ನು ಕಟ್ಟೆಯ ಮೇಲಿಟ್ಟು ಅವಳ ಪಕ್ಕದಲ್ಲಿ ಕುಳಿತ.

ಗುರುಗಳು ಕತೆ ನಿಲ್ಲಿಸಿದರು.

"ನನ್ನೊಳಗೆ ಏನೂ ತಿರುಗುತ್ತಿಲ್ಲ, ಗುರುಗಳೇ," ಎಂದ ಶಿಷ್ಯ.

ಗುರುಗಳು ಕೇಳಿದರು: "ಇವತ್ತು ಬೆಳಿಗ್ಗೆ ನಿನ್ನ ಅಕ್ಕನ ಮಗಳಿಗೆ ಜಡೆ ಹೆಣೆದವರು ಯಾರು?"